ಅಲಾರಂ 'ವೆಂಟ್ ಆಫ್' ಅಂದರೆ ಹೊಡೆಯಿತೋ, ನಿಂತಿತೋ?

ಪ್ರಶ್ನೆ: ನಾನು ದಾವಣಗೆರೆಯವಳು. ಬೆಂಗಳೂರಿನ ಒಂದು ಕಂಪನಿಯಲ್ಲಿ ಕೆಲಸ. ನಮ್ಮ ಟೀಮಿನ ಅರ್ಧ ಜನ ಇಂಗ್ಲೆಂಡಿನಲ್ಲಿದ್ದಾರೆ. ಮೊನ್ನೆ ಮೀಟಿಂಗಿಗೆ ತಡವಾಗಿ ಬಂದ ಅಲ್ಲಿನ ಮ್ಯಾನೇಜರ್ 'ಸಾರಿ, ಮೈ ಅಲಾರಂ ಡಿಡಂಟ್ ಗೋ ಆಫ್' ಅಂದರು. ಆಫ್ ಅಂದರೆ ಬಂದ್ ಅಲ್ವಾ? ಅಲಾರಂ ಬಂದ್ ಆಗದಿದ್ದರೆ ಅದು ಹೊಡೆಯುತ್ತಲೇ ಇರಬೇಕು, ಎಚ್ಚರ ಆಗಲೇಬೇಕು. ಆಮೇಲೆ ಇನ್ನೊಂದು ಮೀಟಿಂಗಿನಲ್ಲಿ ಅವರೇ 'ದಿ ಮಿಲ್ಕ್ ಹ್ಯಾಸ್ ಗಾನ್ ಆಫ್' ಅಂದರು. ಅವರ ಜೊತೆಗಿದ್ದವರೊಬ್ಬರು 'ಐ ಹ್ಯಾವ್ ಗಾನ್ ಆಫ್ ಕಾಫಿ' ಅಂದರು. ಒಂದೇ ಮಾತಿಗೆ ಇಷ್ಟು ಅರ್ಥ ಹೇಗೆ? ನೆನಪಿಟ್ಟುಕೊಳ್ಳಲು ಏನಾದರೂ ದಾರಿ ಇದೆಯಾ? ನಾವು 'ಫಂಕ್ಷನ್ ವೆಂಟ್ ಆಫ್ ವೆಲ್', 'ಕರೆಂಟ್ ವೆಂಟ್ ಆಫ್' ಅನ್ನುತ್ತೇವಲ್ಲ, ಅದು ಸರಿನಾ?

ಉತ್ತರ: ಮೊದಲು ನೇರ ಉತ್ತರ ಕೊಟ್ಟುಬಿಡುತ್ತೇನೆ. ಅಲಾರಂ ವಿಷಯದಲ್ಲಿ 'ಗೋ ಆಫ್' ಅಂದರೆ ಹೊಡೆಯುವುದು. ನಿಲ್ಲುವುದಲ್ಲ. ನಿಮ್ಮ ಮ್ಯಾನೇಜರ್ ಹೇಳಿದ್ದು 'ನನ್ನ ಅಲಾರಂ ಹೊಡೆಯಲೇ ಇಲ್ಲ' ಅಂತ. ಹಾಲಿನ ವಿಷಯದಲ್ಲಿ ಅದೇ ಮಾತು ಕೆಟ್ಟುಹೋಗುವುದು. ಕಾಫಿಯ ವಿಷಯದಲ್ಲಿ, ಮೊದಲು ಇಷ್ಟವಿದ್ದದ್ದು ಈಗ ಬೇಡವಾಗುವುದು. ದೀಪ, ಫ್ಯಾನು, ವಿದ್ಯುತ್ತಿನ ವಿಷಯದಲ್ಲಿ ಮಾತ್ರ ನೀವು ಅಂದುಕೊಂಡ ಹಾಗೆ ನಿಲ್ಲುವುದು.

ನಿಮಗೆ ಗೊಂದಲ ಆಗಿದ್ದರಲ್ಲಿ ಏನೂ ಆಶ್ಚರ್ಯವಿಲ್ಲ. ಕ್ರಿಯಾಪದದ ಪಕ್ಕ ಆಫ್, ಅಪ್, ಔಟ್ ಥರದ ಒಂದು ಪುಟ್ಟ ಪದ ಸೇರಿ ಬೇರೆಯದೇ ಅರ್ಥ ಹುಟ್ಟಿದರೆ ಅದನ್ನು ಫ್ರೇಸಲ್ ವರ್ಬ್ ಅನ್ನುತ್ತಾರೆ. ಈ ಹೆಸರು ಬಳಕೆಗೆ ಬಂದದ್ದು 1925ರ ಸುಮಾರಿಗೆ, ಇಂಗ್ಲಿಷ್ ನುಡಿಗಟ್ಟುಗಳ ಬಗ್ಗೆ ಬರೆದ ಲೇಖಕ ಲೋಗನ್ ಪಿಯರ್ಸಲ್ ಸ್ಮಿತ್ ಅವರಿಂದ. ತೊಂದರೆ ಮಾತ್ರ ಹಳೆಯದು. 1755ರಲ್ಲಿ ಇಂಗ್ಲಿಷ್ ನಿಘಂಟು ತಂದ ಸ್ಯಾಮ್ಯುಯೆಲ್ ಜಾನ್ಸನ್, ಅದರ ಮುನ್ನುಡಿಯಲ್ಲೇ ಇದನ್ನು ಹೇಳಿದ್ದರು. ಪರಭಾಷೆಯವರಿಗೆ ಎಲ್ಲಕ್ಕಿಂತ ಜಾಸ್ತಿ ಕಷ್ಟ ಕೊಡುವುದು ಇಂಥ ಜೋಡಿಗಳು ಅಂತ. ಅವರು ಕೊಟ್ಟ ಉದಾಹರಣೆಗಳಲ್ಲಿ 'ಕಮ್ ಆಫ್', 'ಫಾಲ್ ಆಫ್', 'ಬ್ರೇಕ್ ಆಫ್' ಇವೆ. ಅಂದರೆ ಆಗಲೂ ಜನರನ್ನು ಕಾಡಿದ್ದು ಇದೇ ಆಫ್.

ಕನ್ನಡದಲ್ಲಿ 'ಆಫ್' ಅಂದರೆ ಬಂದ್ ಅಂತಲೇ ನಮ್ಮ ತಲೆಯಲ್ಲಿ ಕೂತಿದೆ. ಈ ಅರ್ಥ ಸ್ವಿಚ್ಚಿನ ಜೊತೆ ಬಂದದ್ದು ಅಂತ ನನಗನ್ನಿಸುತ್ತದೆ. ಶಿವನಸಮುದ್ರದ ವಿದ್ಯುತ್ತಿನಿಂದ ಬೆಂಗಳೂರಿನ ಬೀದಿಗಳಲ್ಲಿ ದೀಪ ಉರಿದದ್ದು 1905ರಲ್ಲಿ. ಆಮೇಲೆ ಮನೆಮನೆಗೆ ಸ್ವಿಚ್ ಬಂತು. ಮೇಲೆ ಒತ್ತಿದರೆ ಒಂದು, ಕೆಳಗೆ ಒತ್ತಿದರೆ ಇನ್ನೊಂದು. 'ಲೈಟ್ ಆಫ್ ಮಾಡು', 'ಮೋಟರ್ ಆಫ್ ಮಾಡು', 'ಗ್ಯಾಸ್ ಆಫ್ ಮಾಡಿದ್ಯಾ?' ಇಂಗ್ಲಿಷ್ ಕಲಿಯದವರ ಬಾಯಲ್ಲೂ ಇದು ಸಲೀಸು. ಹಾಗಾಗಿ ಆಫ್ ಎಲ್ಲಿ ಕಂಡರೂ ನಮಗೆ ಸ್ವಿಚ್ಚೇ ನೆನಪಾಗುತ್ತದೆ.

ಆದರೆ ಆಫ್‌ಗೆ ಬೇರೆ ಅರ್ಥ ಇದೆ ಅನ್ನುವುದು ನಿಮಗೆ ಗೊತ್ತಿಲ್ಲದ ವಿಷಯವೇನಲ್ಲ. ನೀವು ದಿನಾ ಬಳಸುವ ಮಾತುಗಳನ್ನೇ ನೋಡಿ. ವಿಮಾನ 'ಟೇಕಾಫ್' ಆಯಿತು. ನಿವೃತ್ತರಾದವರಿಗೆ 'ಸೆಂಡಾಫ್' ಕೊಟ್ಟೆವು. ಸೀರೆ ಅಂಗಡಿಯಲ್ಲಿ ಐವತ್ತು ಪರ್ಸೆಂಟ್ 'ಆಫ್'. ನಾಳೆ ನನಗೆ 'ವೀಕ್ ಆಫ್'. ಇವುಗಳಲ್ಲಿ ಯಾವುದು ಬಂದ್ ಆಗಿದೆ ಹೇಳಿ. ವಿಮಾನ ನೆಲ ಬಿಟ್ಟು ಎದ್ದಿತು. ನಿವೃತ್ತರು ಆಫೀಸು ಬಿಟ್ಟು ಹೊರಟರು. ಬೆಲೆಯಿಂದ ಅರ್ಧ ಕಳಚಿಹೋಯಿತು. ನೀವು ಕೆಲಸದಿಂದ ದೂರ ಇದ್ದೀರಿ. ಎಲ್ಲದರಲ್ಲೂ ಇರುವುದು ಒಂದೇ: ಇದ್ದ ಕಡೆಯಿಂದ ಬಿಟ್ಟು ಹೊರಡುವುದು, ಬೇರೆಯಾಗುವುದು. ಇದು ಆಫ್‌ನ ಮೂಲ ಅರ್ಥ. ಸ್ವಿಚ್ಚಿನ ಅರ್ಥ ಅದರ ಒಂದು ಕವಲು ಅಷ್ಟೇ. ಲೈಟ್ ಆಫ್ ಆಯಿತು ಅಂದರೂ ಒಳಗೆ ಆಗುವುದು ಅದೇ, ತಂತಿಯ ಸಂಪರ್ಕ ಬಿಟ್ಟುಹೋಗುತ್ತದೆ.

ಸಣ್ಣ ಚರಿತ್ರೆಯನ್ನೂ ಹೇಳಿಬಿಡುತ್ತೇನೆ, ನನಗೆ ಬಹಳ ಇಷ್ಟವಾದದ್ದು ಇದು. ಹಳೆಯ ಇಂಗ್ಲಿಷಿನಲ್ಲಿ ಒಂದು 'ಎಫ್' ಇರುವ 'ಆಫ್', ಅಂದರೆ ಈಗ 'ಆವ್' ಅಂತ ಉಚ್ಚರಿಸುವ ಪದ, ಮತ್ತು ಎರಡು 'ಎಫ್' ಇರುವ 'ಆಫ್' ಬೇರೆಬೇರೆ ಆಗಿರಲಿಲ್ಲ. ಇದ್ದದ್ದು ಒಂದೇ ಪದ. ಅದಕ್ಕೆ 'ಅಲ್ಲಿಂದ, ದೂರಕ್ಕೆ' ಅನ್ನುವ ಅರ್ಥವಿತ್ತು. ಮಾತಿನಲ್ಲಿ ಒತ್ತಿ ಹೇಳಿದಾಗ ಒಂದು ಥರ, ಒತ್ತದೇ ಹೇಳಿದಾಗ ಇನ್ನೊಂದು ಥರ ಕೇಳಿಸುತ್ತಿತ್ತು. ಹೋಗ್ತಾ ಹೋಗ್ತಾ ಎರಡು ದಾರಿಯಾಯಿತು. ಹದಿನೇಳನೇ ಶತಮಾನದ ಹೊತ್ತಿಗೆ ಎರಡೂ ಪೂರ್ತಿ ಬೇರೆ ಪದಗಳಾಗಿ ನಿಂತವು. ಒತ್ತಿ ಹೇಳಿದ್ದು 'ದೂರ, ಬೇರೆ' ಅನ್ನುವ ಹಳೆಯ ಅರ್ಥವನ್ನು ಉಳಿಸಿಕೊಂಡಿತು. ವಿದ್ಯುತ್ತು ಬರುವ ಎಷ್ಟೋ ಮುಂಚಿನ ಮಾತು ಇದು.

ಈಗ ನಿಮ್ಮ ಅಲಾರಂಗೆ ಬರೋಣ.

ಅಲಾರಂಗಿಂತ ಮೊದಲು ಬಂದೂಕನ್ನು ನೋಡಬೇಕು. 'ದಿ ಗನ್ ವೆಂಟ್ ಆಫ್' ಅಂದರೆ ಗುಂಡು ಹಾರಿತು. ಕನ್ನಡದವರೂ ಇಲ್ಲಿ 'ಹಾರಿತು' ಅಂತಲೇ ಅನ್ನುತ್ತೇವೆ, ನೋಡಿದಿರಾ? ಒಳಗೆ ಅದುಮಿಟ್ಟದ್ದು ಬಿಟ್ಟುಕೊಂಡು ಹೊರಗೆ ಹೋಯಿತು. ಹಳೆಯ ಬಂದೂಕಿನಲ್ಲಿ ಮದ್ದು ತುಂಬಿ, ಕುದುರೆಯನ್ನು, ಅಂದರೆ ಬಡಿದು ಮದ್ದಿಗೆ ಕಿಡಿ ತಾಕಿಸುವ ಸುತ್ತಿಗೆಯಂಥ ಭಾಗವನ್ನು, ಹಿಂದಕ್ಕೆ ಎಳೆದು ನಿಲ್ಲಿಸುತ್ತಿದ್ದರು. ಪೂರ್ತಿ ಎಳೆದರೆ ಗುಂಡು ಹಾರಿಸಲು ತಯಾರು. ಅರ್ಧ ಎಳೆದು ನಿಲ್ಲಿಸಿದರೆ ಹಾರಬಾರದು, ಅದು ಸುರಕ್ಷತೆಯ ಸ್ಥಾನ. ಕೆಲವು ಸಲ ಅರ್ಧದಲ್ಲೇ ಹಾರಿಬಿಡುತ್ತಿತ್ತು. ಅದರಿಂದಲೇ 'ಗೋ ಆಫ್ ಹಾಫ್ ಕಾಕ್ಡ್' ಅನ್ನುವ ನುಡಿಗಟ್ಟು ಹುಟ್ಟಿತು. ಸರಿಯಾಗಿ ತಯಾರಿ ಮಾಡಿಕೊಳ್ಳದೆ ಅವಸರದಲ್ಲಿ ನುಗ್ಗುವುದಕ್ಕೆ ಈಗಲೂ ಹಾಗನ್ನುತ್ತಾರೆ.

ಬಾಂಬು, ಪಟಾಕಿ ಇದೇ ಸಾಲಿನವು. 'ಎ ಬಾಂಬ್ ವೆಂಟ್ ಆಫ್ ನಿಯರ್ ದಿ ಸ್ಟೇಷನ್' ಅಂದರೆ ನಿಲ್ದಾಣದ ಹತ್ತಿರ ಬಾಂಬ್ ಸಿಡಿಯಿತು. ಠುಸ್ ಆದ ಪಟಾಕಿಗೆ 'ಇಟ್ ಡಿಡಂಟ್ ಗೋ ಆಫ್'.

ಕೀಲಿ ಕೊಡುವ ಅಲಾರಂ ಗಡಿಯಾರದ ಒಳಗೂ ನಡೆಯುವುದು ಇಂಥದ್ದೇ. ಕೀಲಿ ತಿರುಗಿಸಿದಾಗ ಸ್ಪ್ರಿಂಗ್ ಬಿಗಿಯಾಗುತ್ತದೆ. ಒಂದು ಕೊಂಡಿ ಅದನ್ನು ರಾತ್ರಿಯಿಡೀ ತಡೆದು ಹಿಡಿದಿರುತ್ತದೆ. ನಾವಿಟ್ಟ ಹೊತ್ತಿಗೆ ಕೊಂಡಿ ಕಳಚುತ್ತದೆ, ಸ್ಪ್ರಿಂಗ್ ಬಿಚ್ಚಿಕೊಳ್ಳುತ್ತದೆ, ಪುಟ್ಟ ಸುತ್ತಿಗೆ ಗಂಟೆಗೆ ಬಡಿಯುತ್ತದೆ. ಹಿಡಿದಿಟ್ಟದ್ದು ಬಿಟ್ಟುಕೊಂಡಿತು, ಅದಕ್ಕೇ 'ವೆಂಟ್ ಆಫ್'. ಈಗಿನ ಮೊಬೈಲಿನಲ್ಲಿ ಸ್ಪ್ರಿಂಗೂ ಇಲ್ಲ, ಸುತ್ತಿಗೆಯೂ ಇಲ್ಲ. ಮಾತು ಮಾತ್ರ ಹಾಗೇ ಉಳಿದಿದೆ.

ಹೊಡೆಯುವ ಅಲಾರಂ ನಿಲ್ಲಿಸುವುದಕ್ಕೆ ಬೇರೆ ಮಾತಿದೆ, 'ಟರ್ನ್ ಆಫ್'. ಹೀಗೊಂದು ವಾಕ್ಯ ನೋಡಿ: 'ದಿ ಅಲಾರಂ ವೆಂಟ್ ಆಫ್ ಅಟ್ ಫೈವ್, ಐ ಟರ್ನ್ಡ್ ಇಟ್ ಆಫ್ ಅಂಡ್ ವೆಂಟ್ ಬ್ಯಾಕ್ ಟು ಸ್ಲೀಪ್.' ಐದಕ್ಕೆ ಹೊಡೆಯಿತು, ಆಫ್ ಮಾಡಿ ಮತ್ತೆ ಮಲಗಿದೆ. ಒಂದೇ ವಾಕ್ಯದಲ್ಲಿ ಎರಡು ಆಫ್, ಎರಡೂ ಎದುರುಬದುರು. ಈ ಒಂದು ವಾಕ್ಯವನ್ನು ಬಾಯಿಪಾಠ ಮಾಡಿಕೊಳ್ಳಿ. ಅಲಾರಂ ಗೊಂದಲ ಮತ್ತೆ ನಿಮ್ಮ ಹತ್ತಿರ ಬರುವುದಿಲ್ಲ.

ಇದನ್ನು ನಾನು ಇಷ್ಟು ಒತ್ತಿ ಹೇಳಲು ಕಾರಣವಿದೆ. ಆಫೀಸುಗಳಲ್ಲಿ, ಹೋಟೆಲುಗಳಲ್ಲಿ, ಹಾಸ್ಟೆಲುಗಳಲ್ಲಿ ಗೋಡೆಗೆ ಹಚ್ಚಿದ ಸೂಚನೆ ನೋಡಿರುತ್ತೀರಿ: 'ಇಫ್ ದಿ ಫೈರ್ ಅಲಾರಂ ಗೋಸ್ ಆಫ್, ಲೀವ್ ದಿ ಬಿಲ್ಡಿಂಗ್.' ಇದನ್ನು 'ಅಲಾರಂ ನಿಂತ ಮೇಲೆ ಹೊರಗೆ ಹೋಗಿ' ಅಂತ ಓದಿಕೊಂಡವರ ಗತಿ ಏನು? ಬೆಂಕಿ ಬಿದ್ದಾಗ ಅಲಾರಂ ನಿಲ್ಲಲಿ ಅಂತ ಕಾಯುತ್ತಾ ಕೂರಬೇಕಾಗುತ್ತದೆ. ಆ ಸೂಚನೆಯ ಅರ್ಥ 'ಅಲಾರಂ ಹೊಡೆದ ತಕ್ಷಣ ಕಟ್ಟಡ ಬಿಟ್ಟು ಹೊರಡಿ' ಅಂತ. ಹೊರದೇಶಕ್ಕೆ ಹೊರಟ ಮಕ್ಕಳಿಗೆ, ಅವರ ಮನೆಗೆ ಹೋಗುವ ಅಪ್ಪ ಅಮ್ಮಂದಿರಿಗೆ ಇದನ್ನು ದಯವಿಟ್ಟು ಹೇಳಿ ಕಳಿಸಿ. ಅಲ್ಲಿ ಒಗ್ಗರಣೆಗೆ ಒಣಮೆಣಸಿನಕಾಯಿ ಹಾಕಿದರೆ ಸಾಕು, ಹೊಗೆಗೆ ಸ್ಮೋಕ್ ಅಲಾರಂ ಕೂಗಲು ಶುರುಮಾಡುತ್ತದೆ. ಪಕ್ಕದ ಮನೆಯವರು ಬಂದು ಕೇಳಿದರೆ 'ದಿ ಸ್ಮೋಕ್ ಅಲಾರಂ ವೆಂಟ್ ಆಫ್ ವೈಲ್ ಐ ವಾಸ್ ಕುಕಿಂಗ್' ಅಂದರೆ ಸರಿ. ನನ್ನಿಂದಲೇ ಆಯಿತು ಅಂತ ಹೇಳಬೇಕಾದರೆ ಕ್ರಿಯಾಪದ ಬದಲಾಗುತ್ತದೆ: 'ಐ ಸೆಟ್ ಆಫ್ ದಿ ಸ್ಮೋಕ್ ಅಲಾರಂ'. ತಾನಾಗಿ ಹೊಡೆದರೆ 'ಗೋ ಆಫ್', ಯಾರೋ ಹೊಡೆಯುವ ಹಾಗೆ ಮಾಡಿದರೆ 'ಸೆಟ್ ಆಫ್'.

ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ಕೆಲಸಕ್ಕೆ ಹೋಗುವ ನಮ್ಮ ಕಡೆಯ ನರ್ಸ್‌ಗಳಿಗೂ ಇದು ಬೇಕೇ ಬೇಕು. 'ದಿ ಪಂಪ್ ಈಸ್ ಗೋಯಿಂಗ್ ಆಫ್' ಅಂತ ಸಹೋದ್ಯೋಗಿ ಕೂಗಿದರೆ, ಔಷಧಿಯ ಪಂಪ್ ನಿಂತುಹೋಗುತ್ತಿದೆ ಅಂತಲ್ಲ. ಅದರ ಅಲಾರಂ ಹೊಡೆಯುತ್ತಿದೆ, ಹೋಗಿ ನೋಡಿ ಅಂತ.

ಹಾಗಾದರೆ ಯಾವುದು ಶುರುವಾಗುತ್ತದೆ, ಯಾವುದು ನಿಲ್ಲುತ್ತದೆ ಅಂತ ಗೊತ್ತಾಗುವುದು ಹೇಗೆ? ಒಂದು ಪ್ರಶ್ನೆ ಕೇಳಿಕೊಳ್ಳಿ: ಈ ವಸ್ತು ಮಾಮೂಲಿಯಾಗಿ ಸುಮ್ಮನಿರುವಂಥದ್ದಾ, ಕೆಲಸ ಮಾಡುತ್ತಲೇ ಇರುವಂಥದ್ದಾ? ಅಲಾರಂ, ಸೈರನ್, ಟೈಮರ್, ಬಾಂಬು, ಬಂದೂಕು, ಕ್ಯಾಮೆರಾದ ಫ್ಲ್ಯಾಶ್, ಕಾರಿನ ಏರ್‌ಬ್ಯಾಗ್, ಬೆಂಕಿ ಆರಿಸಲು ಚಾವಣಿಯಲ್ಲಿಟ್ಟ ನೀರಿನ ಸ್ಪ್ರಿಂಕ್ಲರ್, ಇವೆಲ್ಲ ಸುಮ್ಮನೆ ಕಾದು ಕೂತಿರುವ ವಸ್ತುಗಳು. ಹೊತ್ತು ಬಂದಾಗ ಒಮ್ಮೆಲೇ ಎದ್ದು ಕೆಲಸ ಮಾಡುತ್ತವೆ. ಇವು 'ವೆಂಟ್ ಆಫ್' ಅಂದರೆ ಶುರುವಾದವು. ದೀಪ, ಫ್ಯಾನು, ಹೀಟರ್, ಎಸಿ, ಟಿವಿ, ವಿದ್ಯುತ್ತು ಒಂದೇ ಸಮ ನಡೆಯುವಂಥವು. ಇವು 'ವೆಂಟ್ ಆಫ್' ಅಂದರೆ ನಿಂತವು. ಈ ಸೂತ್ರ ನೂರಕ್ಕೆ ನೂರು ಅಂತ ಹೇಳಲಾರೆ, ಆದರೆ ದಿನನಿತ್ಯದ ಮಾತಿನಲ್ಲಿ ಕೈಕೊಡುವುದು ಅಪರೂಪ.

ಎರಡು ಗುಂಪಿಗೂ ಸೇರುವ ಒಂದು ವಸ್ತು ಇದೆ, ಅದೇ ಮೊಬೈಲು. ನಾವು 'ಸಾರಿ, ಮೈ ಫೋನ್ ವೆಂಟ್ ಆಫ್' ಅಂದರೆ ಚಾರ್ಜ್ ಮುಗಿದು ಸ್ವಿಚ್ ಆಫ್ ಆಯಿತು ಅಂತ. ಇಂಗ್ಲೆಂಡಿನವರು 'ಸಾರಿ, ಮೈ ಫೋನ್ ವೆಂಟ್ ಆಫ್' ಅಂದರೆ ಮೀಟಿಂಗಿನ ನಡುವೆ ಫೋನ್ ರಿಂಗ್ ಆಯಿತು, ತೊಂದರೆ ಆಯಿತು, ಕ್ಷಮಿಸಿ ಅಂತ. ಅದೇ ಐದು ಪದ, ಅದೇ ಕ್ಷಮೆ. ವಿಷಯ ಮಾತ್ರ ತದ್ವಿರುದ್ಧ. ಚಾರ್ಜ್ ಮುಗಿದದ್ದಕ್ಕೆ 'ಮೈ ಫೋನ್ ಡೈಡ್' ಅನ್ನಿ, ಅಥವಾ 'ಮೈ ಬ್ಯಾಟರಿ ರ‍್ಯಾನ್ ಔಟ್' ಅನ್ನಿ. ಯಾರಿಗೂ ಗೊಂದಲ ಆಗುವುದಿಲ್ಲ.

ಹಾಲಿನ ವಿಷಯ. 'ದಿ ಮಿಲ್ಕ್ ಹ್ಯಾಸ್ ಗಾನ್ ಆಫ್' ಬ್ರಿಟಿಷರ ಅಡುಗೆಮನೆಯ ಮಾತು. ಆಸ್ಟ್ರೇಲಿಯಾದಲ್ಲೂ ಕೇಳುತ್ತೀರಿ. ಅಮೆರಿಕದವರು ಸಾಮಾನ್ಯವಾಗಿ 'ಗಾನ್ ಬ್ಯಾಡ್' ಅನ್ನುತ್ತಾರೆ. ಹಾಲಿಗೆ 'ಗಾನ್ ಸೋರ್' ಕೂಡ ನಡೆಯುತ್ತದೆ. ಇಲ್ಲಿ ಏನು ಯಾವುದನ್ನು ಬಿಟ್ಟು ಹೋಯಿತು ಅಂತ ಕೇಳಿದರೆ, ಇರಬೇಕಾದ ಹದ ಬಿಟ್ಟು ಹೋಯಿತು ಅಂತ ಹೇಳಬಹುದು. ಇದು ನೆನಪಿಗೆ ಅನುಕೂಲ ಅಂತ ಹೇಳುತ್ತಿದ್ದೇನೆ, ಇದೇ ಕಾರಣ ಅಂತಲ್ಲ. ಎಲ್ಲ ಅರ್ಥಕ್ಕೂ ಕಾರಣ ಹುಡುಕಿಯೇ ತೀರುತ್ತೇನೆ ಅಂತ ಹೊರಟರೆ ಭಾಷೆ ಕಲಿಯುವುದು ನಿಧಾನವಾಗುತ್ತದೆ. ಯಾವ ಪದದ ಜೊತೆ ಯಾವುದು ಓಡಾಡುತ್ತದೆ ಅಂತ ಗಮನಿಸುವುದು ಅದಕ್ಕಿಂತ ಬೇಗ ಫಲ ಕೊಡುತ್ತದೆ.

ಕೆಡುವುದರಲ್ಲಿ ಕನ್ನಡ ಎಷ್ಟು ಬಗೆ ಮಾಡಿದೆ ಅಂತ ನೀವು ಯಾವತ್ತಾದರೂ ಯೋಚಿಸಿದ್ದೀರಾ? ಹಾಲು ಒಡೆಯುತ್ತದೆ. ಅನ್ನ, ಸಾರು, ಹುಳಿ ಹಳಸುತ್ತವೆ. ಹಣ್ಣು, ತರಕಾರಿ ಕೊಳೆಯುತ್ತವೆ. ಹಿಟ್ಟು, ಬೇಳೆ ಮುಗ್ಗುತ್ತವೆ. ಎಣ್ಣೆ, ಕೊಬ್ಬರಿ ಕಮಟು ಹಿಡಿಯುತ್ತವೆ. ಉಪ್ಪಿನಕಾಯಿಗೆ ಬೂಸಲು ಬರುತ್ತದೆ. ಇಂಗ್ಲಿಷಿನ 'ಗಾನ್ ಆಫ್' ಇಷ್ಟಕ್ಕೂ ಸಾಲುವುದಿಲ್ಲ. ಹಾಲು, ಮೊಸರು, ಕ್ರೀಮು, ಮೀನು, ಮಾಂಸ, ಮಾಡಿಟ್ಟ ಅಡುಗೆ, ಇವುಗಳಿಗೆ ಅದು ಚೆನ್ನಾಗಿ ಹೊಂದುತ್ತದೆ. ವಾಸನೆ ನೋಡಿ 'ಇದು ಯಾಕೋ ಸರಿಯಿಲ್ಲ' ಅನ್ನುವಂಥ ಕಡೆ. 'ಐ ಥಿಂಕ್ ದಿ ಸಾಂಬಾರ್ ಹ್ಯಾಸ್ ಗಾನ್ ಆಫ್' ಒಳ್ಳೆಯ ಬ್ರಿಟಿಷ್ ಇಂಗ್ಲಿಷೇ. ಒಣಗಿ ಗಟ್ಟಿಯಾದ ಬ್ರೆಡ್ಡಿಗೆ 'ಸ್ಟೇಲ್', ಬೂಸಲು ಬಂದರೆ 'ಮೋಲ್ಡಿ', ಕೊಳೆತ ಹಣ್ಣಿಗೆ 'ರಾಟನ್', ಕಮಟು ಎಣ್ಣೆಗೆ 'ರ‍್ಯಾನ್ಸಿಡ್'. ಬ್ರೆಡ್ಡಿಗೆ 'ಗಾನ್ ಆಫ್' ಅಂದರೂ ಅರ್ಥ ಆಗುತ್ತದೆ, ಆದರೆ ಅವರ ಕಿವಿಗೆ ಸಹಜವಾಗಿ ಕೇಳಿಸುವುದು 'ಸ್ಟೇಲ್'. ಇನ್ನೊಂದು ಮಾತು. ಈ ಅರ್ಥದಲ್ಲಿ 'ಹ್ಯಾಸ್ ಗಾನ್ ಆಫ್' ರೂಪವೇ ಜಾಸ್ತಿ ಬರುತ್ತದೆ. ಯಾಕೆಂದರೆ ಕೆಡುವುದನ್ನು ನಾವು ನೋಡುವುದಿಲ್ಲ, ಕೆಟ್ಟಮೇಲೆ ನೋಡುತ್ತೇವೆ. ಗುಣವಾಚಕದ ಹಾಗೆ 'ದಿಸ್ ಮಿಲ್ಕ್ ಈಸ್ ಆಫ್' ಅಂತಲೂ ಅನ್ನಬಹುದು.

'ಐ ಹ್ಯಾವ್ ಗಾನ್ ಆಫ್ ಕಾಫಿ' ಕೂಡ ಬ್ರಿಟಿಷರ ಮಾತೇ. ಕಾಫಿಯ ಮೇಲಿನ ಮನಸ್ಸು ಹೋಯಿತು ಅಂತ. ಇದರಲ್ಲಿ ಒಂದು ಷರತ್ತಿದೆ: ಮೊದಲು ಇಷ್ಟ ಇದ್ದಿರಬೇಕು. ಹುಟ್ಟಿದಾಗಿನಿಂದ ಹಾಗಲಕಾಯಿ ಸೇರದವರು 'ಐ ಹ್ಯಾವ್ ಗಾನ್ ಆಫ್ ಹಾಗಲಕಾಯಿ' ಅನ್ನುವ ಹಾಗಿಲ್ಲ. ಅವರಿಗೆ 'ಐ ಡೋಂಟ್ ಲೈಕ್ ಇಟ್' ಸಾಕು. ಬಸುರಿಯಾದಾಗ ಒಂದು ಕಾಲಕ್ಕೆ ಪ್ರಾಣವಾಗಿದ್ದ ಕಾಫಿಯ ವಾಸನೆಯೇ ಆಗದಿರುವುದು, ಒಂದೇ ಹೋಟೆಲಿನಲ್ಲಿ ದಿನಾ ತಿಂದು ಆ ದೋಸೆ ಸಾಕಾಗಿಹೋಗುವುದು, ಇಂಥವಕ್ಕೆ ಹೇಳಿ ಮಾಡಿಸಿದ ಮಾತು. ತಿಂಡಿತೀರ್ಥಕ್ಕೆ ಮಾತ್ರ ಅಲ್ಲ. ಒಬ್ಬ ಗಾಯಕನ ಮೇಲೆ, ಒಂದು ಊರಿನ ಮೇಲೆ, ಹಾಕಿಕೊಂಡಿದ್ದ ಯೋಜನೆಯ ಮೇಲೆ ಮನಸ್ಸು ಹೋದರೂ ನಡೆಯುತ್ತದೆ. 'ಐ ಹ್ಯಾವ್ ಗಾನ್ ಆಫ್ ದಿ ಐಡಿಯಾ' ಅಂದರೆ ಆ ವಿಚಾರ ಈಗ ಬೇಡ ಅನ್ನಿಸಿದೆ ಅಂತ. ಬ್ರಿಟನ್ನಿನಲ್ಲಿ ಮಗುವನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದರೆ 'ಹ್ಯಾಸ್ ಹಿ ಗಾನ್ ಆಫ್ ಹಿಸ್ ಫುಡ್?' ಅಂತ ಕೇಳಬಹುದು. ಊಟ ಕೆಟ್ಟಿದೆಯಾ ಅಂತಲ್ಲ, ಮಗು ಊಟ ಬಿಟ್ಟಿದೆಯಾ, ಹಸಿವು ಕಡಿಮೆಯಾಗಿದೆಯಾ ಅಂತ.

ಇಲ್ಲಿ ಒಂದು ಎಚ್ಚರಿಕೆ. ಈ ಅರ್ಥದಲ್ಲಿ ಆಫ್ ಆದಮೇಲೆ ವಸ್ತುವಿನ ಹೆಸರು ಬರಲೇಬೇಕು, 'ಗಾನ್ ಆಫ್ ಕಾಫಿ'. ಕಾಫಿಯನ್ನು ಮುಂದಕ್ಕೆ ತಂದು 'ದಿ ಕಾಫಿ ಹ್ಯಾಸ್ ಗಾನ್ ಆಫ್' ಅಂದರೆ ಕಾಫಿಯೇ ಕೆಟ್ಟಿದೆ ಅಂತಾಯಿತು.

ಇನ್ನು ನಿಮ್ಮ ಫಂಕ್ಷನ್. 'ದಿ ಫಂಕ್ಷನ್ ವೆಂಟ್ ಆಫ್ ವೆಲ್' ತಪ್ಪಲ್ಲ. ನಿಘಂಟಿನಲ್ಲಿರುವ, ವ್ಯಾಕರಣಕ್ಕೆ ಸರಿಯಾದ ಮಾತು. ಆದರೆ ನಮ್ಮ ದೇಶದಲ್ಲಿ ಅದನ್ನು ಬಳಸುವಷ್ಟು ಈಗ ಹೊರಗಡೆ ಬಳಸುವುದಿಲ್ಲ. ಮದುವೆ, ಗೃಹಪ್ರವೇಶ, ಸ್ಕೂಲ್ ಡೇ, ಏನೇ ಆದರೂ ನಾವು 'ವೆಂಟ್ ಆಫ್ ವೆಲ್' ಅನ್ನುತ್ತೇವೆ. ಅವರು ಹೆಚ್ಚಾಗಿ ಆಫ್ ಬಿಟ್ಟು 'ಇಟ್ ವೆಂಟ್ ವೆಲ್' ಅನ್ನುತ್ತಾರೆ. 'ವೆಂಟ್ ಆಫ್ ವಿದೌಟ್ ಎ ಹಿಚ್', ಅಂದರೆ ಒಂದೇ ಒಂದು ಅಡ್ಡಿಯಿಲ್ಲದೆ ನಡೆಯಿತು, ಅನ್ನುವಲ್ಲಿ ಮಾತ್ರ ಆಫ್ ಗಟ್ಟಿಯಾಗಿ ಉಳಿದಿದೆ. ಈ ಅರ್ಥದಲ್ಲಿ 'ಹೇಗೆ' ಅಂತ ಹೇಳುವ ಪದ ಕಡ್ಡಾಯ. ವೆಲ್, ಸ್ಮೂತ್ಲಿ, ವಿದೌಟ್ ಎ ಹಿಚ್, ಇವುಗಳಲ್ಲಿ ಏನಾದರೂ ಒಂದು ಬೇಕು. ಅದನ್ನು ಬಿಟ್ಟು ಬರೀ 'ದಿ ಪ್ರೋಗ್ರಾಂ ವೆಂಟ್ ಆಫ್' ಅಂತ ಬರೆದರೆ ಓದಿದವರಿಗೆ ಏನು ಸಿಡಿಯಿತು ಅನ್ನುವ ಅನುಮಾನ ಬರುತ್ತದೆ. ಕೇಳುವಾಗಲೂ ಆಫ್ ಬೇಡ. 'ಹೌ ಡಿಡ್ ಇಟ್ ಗೋ?' ಅನ್ನಿ, ಅಷ್ಟೇ ಸಾಕು.

ಹೊರಡುವ ಅರ್ಥ ಸುಲಭ. 'ಶಿ ವೆಂಟ್ ಆಫ್ ಟು ಸ್ಕೂಲ್', ಶಾಲೆಗೆ ಹೊರಟಳು. ಕ್ರಿಕೆಟ್ ಕಾಮೆಂಟರಿಯಲ್ಲಿ ಇದನ್ನು ಎಷ್ಟೋ ಸಲ ಕೇಳಿರುತ್ತೀರಿ, ಗಮನಿಸಿರಲಿಕ್ಕಿಲ್ಲ. ಬೆಳಕು ಸಾಲದಾದರೆ, ಮಳೆ ಬಂದರೆ 'ದಿ ಪ್ಲೇಯರ್ಸ್ ಹ್ಯಾವ್ ಗಾನ್ ಆಫ್' ಅನ್ನುತ್ತಾರೆ. ಮೈದಾನ ಬಿಟ್ಟು ಒಳಗೆ ಹೋದರು. ನಾಟಕದಲ್ಲಿ ಪಾತ್ರ ರಂಗದಿಂದ ಒಳಗೆ ಹೋದರೂ ಇದೇ ಮಾತು.

ಆದರೆ ಆಫ್ ಆದಮೇಲೆ 'ವಿದ್' ಬಂದರೆ ಹುಷಾರಾಗಿರಿ. 'ಸಂಬಡಿ ವೆಂಟ್ ಆಫ್ ವಿದ್ ಮೈ ಅಂಬ್ರೆಲಾ' ಅಂದರೆ ಯಾರೋ ಹೇಳದೆ ಕೇಳದೆ ನನ್ನ ಕೊಡೆ ತೆಗೆದುಕೊಂಡು ಹೋದರು. ಮನುಷ್ಯರ ವಿಷಯದಲ್ಲಿ ಇನ್ನೂ ಸೂಕ್ಷ್ಮ. 'ಹಿ ವೆಂಟ್ ಆಫ್ ವಿದ್ ಹಿಸ್ ಕಲೀಗ್' ಅಂತ ಬರೆದರೆ, ಕಟ್ಟಿಕೊಂಡವಳನ್ನು ಬಿಟ್ಟು ಸಹೋದ್ಯೋಗಿಯ ಜೊತೆ ಓಡಿಹೋದ ಅನ್ನುವ ಅರ್ಥ ಥಟ್ಟನೆ ಬರುತ್ತದೆ. ನೀವು ಹೇಳಬೇಕಾದದ್ದು 'ಕ್ಲೈಂಟ್ ಜೊತೆ ಊಟಕ್ಕೆ ಹೋದರು' ಅಂತ ಅಷ್ಟೇ ಆದರೆ, ಆಫ್ ತೆಗೆದು 'ವೆಂಟ್ ಫಾರ್ ಲಂಚ್ ವಿದ್ ದಿ ಕ್ಲೈಂಟ್' ಅಂತ ಬರೆಯಿರಿ. ಆಫೀಸಿನ ಮೇಲ್‌ಗಳಲ್ಲಿ ಈ ಪುಟ್ಟ ಪದ ಸುಮ್ನೆ ನುಸುಳಿಕೊಂಡು ಒಬ್ಬರ ಮಾನದ ಪ್ರಶ್ನೆ ಆಗಬಾರದು.

'ಆನ್' ಸೇರಿದರೆ ಮತ್ತೊಂದು. ಅಮೆರಿಕದ ಆಡುಮಾತಿನಲ್ಲಿ 'ಮೈ ಬಾಸ್ ವೆಂಟ್ ಆಫ್ ಆನ್ ಮಿ' ಅಂದರೆ ಬಾಸ್ ನನ್ನ ಮೇಲೆ ಹರಿಹಾಯ್ದರು, ಬಾಯಿಗೆ ಬಂದ ಹಾಗೆ ಬೈದರು. ಬಂದೂಕಿನ ಚಿತ್ರವೇ ಇಲ್ಲೂ ಇದೆ, ಅದುಮಿಟ್ಟ ಸಿಟ್ಟು ಹಾರಿತು. ಬ್ರಿಟಿಷರು 'ಹಿ ವೆಂಟ್ ಆಫ್ ಆನ್ ಒನ್' ಅನ್ನುತ್ತಾರೆ, ಸಿಟ್ಟಿನಿಂದ ಒಂದೇ ಸಮ ಮಾತಾಡತೊಡಗಿದರು ಅಂತ. 'ವೆಂಟ್ ಆಫ್ ಆನ್ ಎ ಟ್ಯಾಂಜೆಂಟ್' ಅಂದರೆ ಸಿಟ್ಟಿಲ್ಲ, ಮಾತಿನ ದಾರಿ ಬಿಟ್ಟು ಬೇರೆಲ್ಲೋ ಹೋದರು ಅಷ್ಟೇ. ಮಕ್ಕಳು ನಿದ್ದೆ ಹೋಗುವುದಕ್ಕೂ ಬ್ರಿಟನ್ನಿನಲ್ಲಿ 'ಗೋ ಆಫ್ ಟು ಸ್ಲೀಪ್' ಇದೆ. ಇವನ್ನೆಲ್ಲ ನೀವು ಬಳಸಬೇಕಾಗಿಲ್ಲ, ಕೇಳಿದಾಗ ತಿಳಿದರೆ ಸಾಕು.

ವ್ಯಾಕರಣದ ಒಂದೇ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ, ಯಾಕೆಂದರೆ ಈ ತಪ್ಪು ಕ್ಲಾಸಿನಲ್ಲಿ ಪದೇಪದೇ ಕಾಣುತ್ತದೆ. 'ಗೋ ಆಫ್' ತಾನಾಗಿ ಆಗುವ ಕ್ರಿಯೆ. ನೀವು ಮಾಡುವುದಲ್ಲ. 'ಐ ವೆಂಟ್ ಆಫ್ ದಿ ಲೈಟ್' ಅಂದರೆ 'ಲೈಟ್ ಆರಿಸಿದೆ' ಅಂತ ಆಗುವುದಿಲ್ಲ. ಅದಕ್ಕೆ 'ಟರ್ನ್ಡ್ ಆಫ್', 'ಸ್ವಿಚ್ಡ್ ಆಫ್'. ಲೈಟ್ ಆರಿತು ಅಂದರೆ 'ವೆಂಟ್ ಆಫ್', ಆರಿಸಿದೆ ಅಂದರೆ 'ಟರ್ನ್ಡ್ ಆಫ್'. ಕನ್ನಡದಲ್ಲಿ ಆರು, ಆರಿಸು ಅಂತ ನಾವು ಎಷ್ಟು ಸಲೀಸಾಗಿ ಬೇರೆ ಮಾಡುತ್ತೇವೆ! ಮನಸ್ಸಿನಲ್ಲಿ ಮೊದಲು ಕನ್ನಡದ ಕ್ರಿಯಾಪದ ಹೇಳಿಕೊಂಡರೆ ಇಂಗ್ಲಿಷಿನಲ್ಲಿ ಯಾವುದು ಬೇಕು ಅಂತ ತಾನೇ ಗೊತ್ತಾಗುತ್ತದೆ. ಪತ್ರಿಕೆಯಲ್ಲಿ 'ದಿ ಗನ್ ವೆಂಟ್ ಆಫ್' ಅಂತ ಬಂದಾಗಲೂ ಇದನ್ನು ಗಮನಿಸಿ. ಟ್ರಿಗರ್ ಎಳೆದವರು ಯಾರು ಅಂತ ಆ ವಾಕ್ಯ ಹೇಳುವುದಿಲ್ಲ. ಕೆಲವು ಸಲ ಅದು ನಿಜವಾಗಿಯೂ ಆಕಸ್ಮಿಕ ಇರುತ್ತದೆ. ಇನ್ನು ಕೆಲವು ಸಲ, ಹೇಳಬಾರದು ಅಂತಲೇ ಹಾಗೆ ಬರೆದಿರುತ್ತಾರೆ.

ಕೊನೆಗೆ ನಿಮ್ಮ ಕರೆಂಟು. 'ಕರೆಂಟ್ ವೆಂಟ್ ಆಫ್' ಅನ್ನುವಲ್ಲಿ 'ವೆಂಟ್ ಆಫ್' ಸರಿಯಾಗಿದೆ, ತೊಡಕಿರುವುದು ಕರೆಂಟಿನಲ್ಲಿ. ಮನೆಗೆ ಬರುವ ವಿದ್ಯುತ್ತನ್ನು ನಮ್ಮ ಹಾಗೆ ಕರೆಂಟ್ ಅನ್ನುವುದು ಅವರಲ್ಲಿ ಇಲ್ಲ. ಅವರಿಗೆ ಕರೆಂಟ್ ಅಂದರೆ ತಂತಿಯಲ್ಲಿ ಹರಿಯುವ ಪ್ರವಾಹ, ಎಲೆಕ್ಟ್ರಿಷಿಯನ್ ಅಳೆಯುವಂಥದ್ದು. ಹಾಗಾಗಿ 'ದಿ ಪವರ್ ವೆಂಟ್ ಆಫ್' ಅನ್ನಿ. ನಡುವೆ ಕಾಲ್ ಕಟ್ಟಾದರೆ ನಿಮ್ಮ ಮ್ಯಾನೇಜರಿಗೆ 'ಸಾರಿ, ವಿ ಹ್ಯಾಡ್ ಎ ಪವರ್ ಕಟ್' ಅಂತ ಒಂದು ಸಾಲು ಕಳಿಸಿದರೆ ಸಾಕು, ಬ್ರಿಟಿಷರಿಗೆ ಅದು ಮನೆಮಾತು. ಅಮೆರಿಕದವರಾದರೆ 'ದಿ ಪವರ್ ವೆಂಟ್ ಔಟ್' ಅನ್ನಿ. ಅವರಲ್ಲಿ ಆಫ್‌ಗಿಂತ ಔಟ್ ಜಾಸ್ತಿ. ವಿದ್ಯುತ್ತು ಮತ್ತೆ ಬಂದದ್ದಕ್ಕೆ 'ಪವರ್ ಕೇಮ್' ಅಂತ ನಿಲ್ಲಿಸಬೇಡಿ. 'ದಿ ಪವರ್ ಈಸ್ ಬ್ಯಾಕ್' ಅನ್ನಿ, ಇಬ್ಬರಿಗೂ ಅದು ನಡೆಯುತ್ತದೆ.